ಉದ್ದಳತೆಯ ಕೋಷ್ಟಕವೂ ಬಾಲಪಾಠವೂ

ಪ್ರಾಥಮಿಕ ಶಾಲೆಯ ಗಣಿತಪುಸ್ತಕದಲ್ಲಿ ಉದ್ದಳತೆಯ ಕೋಷ್ಟಕಕ್ಕೆ ಅರ್ಧ ಪುಟಕ್ಕಿಂತ ಹೆಚ್ಚಿನ ಸ್ಥಳವು ದೊರೆಯುವುದು ಅಪರೂಪ. ಹತ್ತು ಮಿಲಿಮೀಟರಿಗೆ ಒಂದು ಸೆಂಟಿಮೀಟರು, ನೂರು ಸೆಂಟಿಮೀಟರಿಗೆ ಒಂದು ಮೀಟರು, ಸಾವಿರ ಮೀಟರಿಗೆ ಒಂದು ಕಿಲೋಮೀಟರು. ಇಷ್ಟನ್ನು ಕಂಠಪಾಠ ಮಾಡಿಸಿ, ಮೇಲಿನ ಮಾನವನ್ನು ಕೆಳಗಿನ ಮಾನಕ್ಕೆ ಇಳಿಸುವ, ಕೆಳಗಿನದನ್ನು ಮೇಲಿನದಕ್ಕೆ ಏರಿಸುವ ಹತ್ತಾರು ಲೆಕ್ಕಗಳನ್ನು ಮಾಡಿಸಿದರೆ ಪಾಠವು ಮುಗಿಯಿತೆಂದು ಉಪಾಧ್ಯಾಯರೂ ತಂದೆತಾಯಿಗಳೂ ಭಾವಿಸುವುದುಂಟು. ಕಾವ್ಯದಲ್ಲಿ ರಸವನ್ನೂ ಚರಿತ್ರೆಯಲ್ಲಿ ಕಥೆಯನ್ನೂ ಕಾಣುವ ನಮ್ಮ ಮನೆಗಳಲ್ಲಿ ಇಂತಹ ಕೋಷ್ಟಕವನ್ನು ಯಾರೂ ಎರಡನೆಯ ಸಲ ತಿರುವಿ ನೋಡುವುದಿಲ್ಲ. ಆದರೆ ಈ ಅರ್ಧ ಪುಟದ ಹಿಂದೆ ಎರಡು ಸಾವಿರ ವರ್ಷಗಳ ವ್ಯವಹಾರದ ಇತಿಹಾಸವು ಅಡಗಿದೆ. ಹೊಲದ ಬದು, ಜವಳಿಯ ಅಂಗಡಿ, ದೇವಾಲಯದ ದತ್ತಿ, ಸರ್ಕಾರದ ಕಂದಾಯ, ಇವೆಲ್ಲವೂ ಆ ಕೋಷ್ಟಕದ ಮೆಟ್ಟಿಲುಗಳನ್ನು ಏರಿ ಇಳಿದೇ ನಡೆದುಬಂದಿವೆ. ಒಂದು ಮಾನದ ಲೆಕ್ಕವನ್ನು ಇನ್ನೊಂದು ಮಾನಕ್ಕೆ ಸಾಗಿಸಬಲ್ಲವನು ತನ್ನ ಸ್ವತ್ತನ್ನು ತಾನೇ ಕಾಯ್ದುಕೊಳ್ಳಬಲ್ಲನು. ಸಾಗಿಸಲಾರದವನು ಅಳೆಯುವವನ ಮಾತನ್ನು ನಂಬಿ ನಡೆಯಬೇಕು. ಈ ದೃಷ್ಟಿಯಿಂದ ಮಾನಪರಿವರ್ತನೆಯ ಬಾಲಪಾಠವು ನಮ್ಮ ನಾಡಿನಲ್ಲಿ ಹೇಗೆ ನಡೆದುಬಂದಿತೆಂಬುದನ್ನು ಇಲ್ಲಿ ಸಂಗ್ರಹವಾಗಿ ವಿಚಾರಿಸಬೇಕೆಂದಿದೆ.

ಉದ್ದವನ್ನು ಅಳೆಯುವುದಕ್ಕೆ ಮನುಷ್ಯನಿಗೆ ಮೊದಲು ದೊರೆತ ಸಾಧನವು ಅವನ ದೇಹವೇ. ಬೆರಳು, ಹಿಡಿ, ಚೋಟು, ಗೇಣು, ಮೊಳ, ಮಾರು ಎಂಬ ನಮ್ಮ ಮಾತುಗಳೆಲ್ಲವೂ ಕೈಯಿಂದ ಹುಟ್ಟಿದವು. ಎರಡು ಗೇಣಿಗೆ ಒಂದು ಮೊಳ, ನಾಲ್ಕು ಮೊಳಕ್ಕೆ ಒಂದು ಮಾರು. ದಾರಿಯ ದೂರಕ್ಕೆ ಕೂಗಳತೆ, ಅದನ್ನು ಮೀರಿದರೆ ಸುಮಾರು ಮೂರು ಮೈಲಿಯ ಹರದಾರಿ, ನಾಲ್ಕು ಹರದಾರಿಗೆ ಒಂದು ಗಾವುದ. ಹೂವು ಮಾರುವವಳು ಇಂದಿಗೂ ಮೊಳವನ್ನೇ ಬಳಸುತ್ತಾಳೆ. ಆ ಮಾಲೆಯನ್ನು ಸೆಂಟಿಮೀಟರಿನಲ್ಲಿ ಕೇಳಿದರೆ ನಗುವಳೇ ಹೊರತು ಕೊಡಲಾರಳು. ಈ ಮಾನಗಳ ಗುಣವೇನೆಂದರೆ, ಅವುಗಳ ಪರಸ್ಪರ ಸಂಬಂಧವನ್ನು ಯಾರೂ ಕಲಿಸಬೇಕಾಗಿಲ್ಲ. ತನ್ನ ಗೇಣನ್ನು ತನ್ನ ಮೊಳದ ಮೇಲೆ ಇಟ್ಟು ನೋಡಿದ ಐದು ವರ್ಷದ ಮಗುವಿಗೂ ಎರಡು ಗೇಣು ಒಂದು ಮೊಳವಾಗುವುದು ಕಣ್ಣಿಗೆ ಕಾಣುತ್ತದೆ. ದೋಷವೇನೆಂಬುದೂ ಅಷ್ಟೇ ಸ್ಪಷ್ಟ. ಮೊಳವು ಯಾರ ಮೊಳ? ಕೊಳ್ಳುವವನದೋ, ಮಾರುವವಳದೋ? ಹೂವಿನ ವಿಷಯದಲ್ಲಿ ಈ ಪ್ರಶ್ನೆಯು ಒಂದು ನಗೆಯಲ್ಲಿ ತೀರಿಹೋಗಬಹುದು. ಹೊಲದ ವಿಷಯದಲ್ಲಿ ಹಾಗೆ ತೀರುವಂತಿಲ್ಲ.

ಪ್ರಾಚೀನರು ಈ ಪ್ರಶ್ನೆಯನ್ನು ಚೆನ್ನಾಗಿ ಬಲ್ಲವರಾಗಿದ್ದರು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ದೊರೆತು, ಆರ್. ಶಾಮಾಶಾಸ್ತ್ರಿಗಳಿಂದ ೧೯೦೯ರಲ್ಲಿ ಪ್ರಕಟಿತವಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದೇಶಮಾನ ಕಾಲಮಾನಗಳಿಗಾಗಿಯೇ ಒಂದು ಅಧ್ಯಾಯವಿದೆ. ಎಂಟು ಯವೆಯ ಕಾಳುಗಳ ನಡುಭಾಗವನ್ನು ಸೇರಿಸಿದರೆ ಒಂದು ಅಂಗುಲ, ಅಥವಾ ಮಧ್ಯಮ ಪ್ರಮಾಣದ ಪುರುಷನ ನಡುಬೆರಳಿನ ನಡುಭಾಗದ ಅಗಲವು ಒಂದು ಅಂಗುಲ ಎಂದು ಅಲ್ಲಿ ನಿರ್ಣಯಿಸಿದೆ. ಸಾಮಾನ್ಯವಾದ ಹಸ್ತಕ್ಕೆ ೨೪ ಅಂಗುಲಗಳು. ಆದರೆ ಅದೇ ಅಧ್ಯಾಯದಲ್ಲಿ ಪಾಳೆಯ, ಕೋಟೆ, ಅರಮನೆಗಳ ಕೆಲಸಕ್ಕೆ ಬಡಗಿಯು ಹಿಡಿಯುವ ಅಳತೆಗೆ ೪೨ ಅಂಗುಲಗಳೆಂದೂ, ಕಾಡಿನ ಉತ್ಪನ್ನಗಳನ್ನು ಅಳೆಯುವ ಹಸ್ತಕ್ಕೆ ೫೪ ಅಂಗುಲಗಳೆಂದೂ ಹೇಳಿದೆ. ೯೬ ಅಂಗುಲಗಳ ದಂಡವು ಒಂದಾದರೆ, ದಾರಿಯನ್ನೂ ಕೋಟೆಯ ಗೋಡೆಯನ್ನೂ ಅಳೆಯುವ ಧನುಸ್ಸಿಗೆ ೧೦೮ ಅಂಗುಲಗಳು. ಹಸ್ತವೆಂಬ ಹೆಸರು ಒಂದೇ ಆಗಿದ್ದರೂ ಅರಣ್ಯದಲ್ಲಿ ಅದು ಊರಿನ ಹಸ್ತದ ಎರಡೂಕಾಲು ಪಟ್ಟು ಆಗುತ್ತಿತ್ತು. ಊರಿನಿಂದ ಕಾಡಿಗೆ ಹೋದ ವ್ಯಾಪಾರಿಯು ಈ ಒಂದು ಪರಿವರ್ತನೆಯನ್ನು ಅರಿಯದಿದ್ದರೆ ಅವನ ಗತಿಯೇನಾಗುತ್ತಿದ್ದಿತೆಂಬುದನ್ನು ಊಹಿಸುವುದು ಕಷ್ಟವಲ್ಲ.

ಕನ್ನಡನಾಡಿನ ಗಣಿತಜ್ಞರಲ್ಲಿ ಅಗ್ರಗಣ್ಯನಾದ ಮಹಾವೀರಾಚಾರ್ಯನು ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದವನು. ಅವನ 'ಗಣಿತಸಾರಸಂಗ್ರಹ'ವು ಸಂಕಲನ ವ್ಯವಕಲನಗಳಿಂದ ಆರಂಭವಾಗುವುದಿಲ್ಲ. ಮೊದಲನೆಯ ಅಧಿಕಾರವು ಸಂಜ್ಞೆಗಳಿಗೂ ಮಾನಗಳಿಗೂ ಮೀಸಲಾಗಿದೆ. ಅಣುವಿನಿಂದ ಹೊರಟು ತ್ರಸರೇಣು, ರಥರೇಣು, ಕೂದಲಿನ ತುದಿ ಮುಂತಾದ ಸೂಕ್ಷ್ಮ ಮಾನಗಳನ್ನು ಒಂದಕ್ಕಿಂತ ಮುಂದಿನದು ಎಂಟು ಪಟ್ಟಾಗುವಂತೆ ಏರಿಸುತ್ತ ಯವ, ಅಂಗುಲಗಳವರೆಗೆ ಅವನು ತರುತ್ತಾನೆ. ಆಮೇಲೆ ಆರು ಅಂಗುಲಕ್ಕೆ ಒಂದು ಪಾದ, ಎರಡು ಪಾದಕ್ಕೆ ಒಂದು ವಿತಸ್ತಿ, ಎರಡು ವಿತಸ್ತಿಗೆ ಒಂದು ಹಸ್ತ, ನಾಲ್ಕು ಹಸ್ತಕ್ಕೆ ಒಂದು ದಂಡ, ಎರಡು ಸಾವಿರ ದಂಡಕ್ಕೆ ಒಂದು ಕ್ರೋಶ, ನಾಲ್ಕು ಕ್ರೋಶಕ್ಕೆ ಒಂದು ಯೋಜನ. ಈ ಲೆಕ್ಕದಂತೆ ಯೋಜನವೊಂದಕ್ಕೆ ೩೨,೦೦೦ ಹಸ್ತಗಳು, ಅಥವಾ ೭,೬೮,೦೦೦ ಅಂಗುಲಗಳಾಗುತ್ತವೆ. ಇದಕ್ಕಿಂತಲೂ ಹೆಚ್ಚು ವಿಚಾರಾರ್ಹವಾದುದು ಅವನು ಹೇಳುವ ಅಂಗುಲದ ಭೇದ. ವ್ಯವಹಾರಾಂಗುಲವು ಒಂದು, ಅದರ ಐನೂರು ಪಟ್ಟಾದ ಪ್ರಮಾಣಾಂಗುಲವು ಇನ್ನೊಂದು, ಆಯಾ ಕಾಲದಲ್ಲಿ ಬದುಕಿರುವ ಮನುಷ್ಯರ ಸ್ವಂತ ಬೆರಳಿನ ಆತ್ಮಾಂಗುಲವು ಮೂರನೆಯದು. ಮಾನದ ಹೆಸರನ್ನು ಕೇಳಿದೊಡನೆ 'ಯಾವ ಅಂಗುಲ' ಎಂದು ಪ್ರಶ್ನಿಸುವ ಅಭ್ಯಾಸವನ್ನು ಶಿಷ್ಯನಿಗೆ ಗಣಿತದ ಬಾಗಿಲಲ್ಲಿಯೇ ಕಲಿಸಿದ ಗುರು ಅವನು.

೧೧೫೦ರ ಭಾಸ್ಕರಾಚಾರ್ಯನ ಲೀಲಾವತಿಯಲ್ಲಿಯೂ ಪರಿಭಾಷೆಯೇ ಮೊದಲು. ಎಂಟು ಯವಕ್ಕೆ ಅಂಗುಲ, ಇಪ್ಪತ್ತುನಾಲ್ಕು ಅಂಗುಲಕ್ಕೆ ಹಸ್ತ ಎಂಬ ಸೋಪಾನವನ್ನು ಹೇಳಿ, ಹತ್ತು ಹಸ್ತಕ್ಕೆ ಒಂದು ವಂಶ, ಅಂದರೆ ಬಿದಿರುಗೋಲು, ನಾಲ್ಕು ಕಡೆಗೂ ಇಪ್ಪತ್ತು ಇಪ್ಪತ್ತು ವಂಶಗಳಿರುವ ಕ್ಷೇತ್ರಕ್ಕೆ ನಿವರ್ತನ ಎಂದು ಅವನು ಉದ್ದಳತೆಯನ್ನು ನೇರವಾಗಿ ಭೂಮಿಯ ಅಳತೆಗೆ ಜೋಡಿಸುತ್ತಾನೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತಗಳನ್ನು ಕನ್ನಡದಲ್ಲಿಯೇ ರಚಿಸಿದನು. ಸಂಸ್ಕೃತವನ್ನು ಓದದ ವ್ಯವಹಾರಸ್ಥರಿಗೂ ಲೆಕ್ಕವು ಬೇಕಾಗಿದ್ದುದರಿಂದಲೇ ಇಂತಹ ಗ್ರಂಥಗಳಿಗೆ ದೇಶಭಾಷೆಯಲ್ಲಿ ಅವಕಾಶವಾಯಿತೆಂದು ತಿಳಿಯಬಹುದು.

ಶಾಸ್ತ್ರದಲ್ಲಿ ಹೇಳಿದ ಈ ಎಚ್ಚರವು ಬಳಕೆಯಲ್ಲಿಯೂ ಇದ್ದಿತೆಂಬುದಕ್ಕೆ ನಮ್ಮ ಶಾಸನಗಳೇ ಸಾಕ್ಷಿ. ದೇವಾಲಯಕ್ಕೋ ಅಗ್ರಹಾರಕ್ಕೋ ಭೂಮಿಯನ್ನು ಬಿಡುವಾಗ ಇಷ್ಟು ಮತ್ತರು, ಇಷ್ಟು ಕಮ್ಮ ಎಂದು ಹೇಳುವುದರ ಜೊತೆಗೆ ಅದನ್ನು ಯಾವ ಗಳೆಯಿಂದ ಅಳೆದರೆಂಬುದನ್ನೂ ಅನೇಕ ಶಾಸನಗಳು ಹೆಸರಿಸುತ್ತವೆ. ಗಳೆಯೆಂದರೆ ಅಳತೆಗೋಲು. ಈಗಿನ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯ ಕಡೆಯಲ್ಲಿ ಭೇರುಂಡ ಗಳೆಯೆಂಬುದು ಪ್ರಸಿದ್ಧವಾಗಿತ್ತು. ಊರಿಗೊಂದು, ಸೀಮೆಗೊಂದು ಕೋಲಿದ್ದ ಕಾಲದಲ್ಲಿ ಕೋಲಿನ ಹೆಸರಿಲ್ಲದ ದಾನಪತ್ರವು ಮುಂದೆ ವ್ಯಾಜ್ಯಕ್ಕೆ ಎಡೆಗೊಡದೆ ಇರುತ್ತಿರಲಿಲ್ಲ. ದಕ್ಷಿಣದ ಕೆಲವು ದೇವಾಲಯಗಳ ಕಲ್ಲಿನ ಮೇಲೆ ಅಳತೆಗೋಲಿನ ಉದ್ದವನ್ನೇ ಕೊರೆದು ತೋರಿಸಿರುವುದುಂಟು. ಮರದ ಕೋಲು ಮುರಿಯಬಹುದು, ಕೆಲವರ ಕೈಯಲ್ಲಿ ಗಿಡ್ಡವೂ ಆಗಬಹುದು. ಕಲ್ಲಿನ ಮೇಲಿನ ಗೆರೆಯು ಎಲ್ಲರ ಕಣ್ಣೆದುರಿಗೆ ನಿಂತಿರುತ್ತದೆ. ಸಂಶಯ ಬಂದವನು ತನ್ನ ಕೋಲನ್ನು ಅಲ್ಲಿಟ್ಟು ನೋಡಬಹುದಾಗಿತ್ತು.

ಇನ್ನು ಮಕ್ಕಳ ಪಾಠದ ವಿಷಯ. ನಮ್ಮ ಹಳೆಯ ಕೂಲಿಮಠಗಳಲ್ಲಿ ಐಗಳು ಏನನ್ನು ಹೇಗೆ ಕಲಿಸುತ್ತಿದ್ದರೆಂಬುದಕ್ಕೆ ಅತ್ಯಂತ ಬೆಲೆಯುಳ್ಳ ಲಿಖಿತಪ್ರಮಾಣವು ಬಳ್ಳಾರಿಯಿಂದ ದೊರೆಯುತ್ತದೆ. ಮದರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ ೧೮೨೨ರಲ್ಲಿ ಪ್ರಾಂತದ ದೇಶೀಯ ಶಾಲೆಗಳ ವಿಚಾರಣೆಗೆ ಆಜ್ಞೆ ಮಾಡಿದನು. ಅದರಂತೆ ಬಳ್ಳಾರಿಯ ಕಲೆಕ್ಟರನಾದ ಎ. ಡಿ. ಕ್ಯಾಂಪ್‌ಬೆಲ್ ೧೮೨೩ರ ಆಗಸ್ಟಿನಲ್ಲಿ ವರದಿಯನ್ನು ಕಳುಹಿಸಿದನು. ಆಗ ಒಂಬತ್ತು ಲಕ್ಷಕ್ಕೆ ಮೇಲ್ಪಟ್ಟ ಜನರಿದ್ದ ಆ ಜಿಲ್ಲೆಯಲ್ಲಿ ೫೩೩ ಶಾಲೆಗಳು, ಅವುಗಳಲ್ಲಿ ೬,೬೪೧ ವಿದ್ಯಾರ್ಥಿಗಳು. ಸಾವಿರ ಜನಕ್ಕೆ ಏಳು ಮಂದಿಯೂ ಶಾಲೆಯಲ್ಲಿರಲಿಲ್ಲವೆಂದು ಅವನು ಮರುಗುತ್ತಾನೆ. ಬೆಳಗ್ಗೆ ಮೊದಲು ಬಂದ ಬಾಲಕನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುವರು. ಎರಡನೆಯವನಿಗೆ ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲವೆಂದು ಸೂಚಿಸುವ ಸೊನ್ನೆ. ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಮುಂದಕ್ಕೆ. ಮರಳಿನ ಮೇಲೆ ಬೆರಳಿನಿಂದ ಅಕ್ಷರವನ್ನು ತಿದ್ದಿ, ಬಳಿಕ ಹಲಗೆಯ ಮೇಲೆಯೂ ಕಡತದ ಮೇಲೆಯೂ ಬಳಪದಿಂದ ಬರೆಯುವರು.

ಗಣಿತದ ವಿಷಯದಲ್ಲಿ ಕ್ಯಾಂಪ್‌ಬೆಲ್ಲನು ಕೊಡುವ ವಿವರವು ನಮ್ಮ ಪ್ರಕೃತ ವಿಚಾರಕ್ಕೆ ನೇರವಾಗಿ ಸಂಬಂಧಿಸಿದುದು. ಕೂಡುವ, ಕಳೆಯುವ, ಗುಣಿಸುವ ಲೆಕ್ಕಗಳು ಬಂದ ಮೇಲೆ ಹಣದ ಮಾನಗಳನ್ನೂ ಅಳತೆಯ ಮಾನಗಳನ್ನೂ ಒಂದರಿಂದೊಂದಕ್ಕೆ ಇಳಿಸುವುದನ್ನು ಬಾಲಕರಿಗೆ ಕಲಿಸುತ್ತಿದ್ದರು. ಭಿನ್ನರಾಶಿಗಳ ಮೇಲೆ ವಿಶೇಷವಾದ ಶ್ರಮ. ಆ ಭಿನ್ನಗಳು ಯೂರೋಪಿನ ದಶಾಂಶದಂತೆ ಹತ್ತು ಹತ್ತಾಗಿ ಇಳಿಯದೆ ನಾಲ್ಕು ನಾಲ್ಕಾಗಿ ಇಳಿಯುತ್ತಿದ್ದುದನ್ನು ಅವನು ಗಮನಿಸಿದನು. ಒಂದರ ನಾಲ್ಕರಲ್ಲೊಂದು ಪಾಲು ಕಾಲು, ಕಾಲಿನ ಕಾಲು ವೀಸ, ವೀಸದ ಕಾಲು ಕಾಣಿ. ಅಂದರೆ ನಾಲ್ಕು, ಹದಿನಾರು, ಅರುವತ್ತನಾಲ್ಕು. ಈ ಭಿನ್ನಗಳನ್ನೂ ಕೂಡುವ ಮಗ್ಗಿ ಗುಣಿಸುವ ಮಗ್ಗಿಗಳನ್ನೂ, ಧಾನ್ಯದ ಅಳತೆ, ತೂಕ, ಉದ್ದಳತೆಗಳೆಂಬ ಮೂರು ಬಗೆಯ ಕೋಷ್ಟಕಗಳನ್ನೂ ಮಕ್ಕಳು ದಿನಕ್ಕೆರಡು ಸಲ ಸಾಲಾಗಿ ನಿಂತು, ಹಿರಿಯ ವಿದ್ಯಾರ್ಥಿಯೊಬ್ಬನು ಹೇಳಿಕೊಟ್ಟಂತೆ ಒಕ್ಕೊರಲಿನಿಂದ ಒಪ್ಪಿಸುತ್ತಿದ್ದರು.

ಈ ಒಕ್ಕೊರಲಿನ ಪಾಠವನ್ನು ಇಂದಿನ ವಿದ್ಯಾವಂತರು ಲಘುವಾಗಿ ಎಣಿಸುವುದು ಸಹಜ. ಅದರ ಗುಣದೋಷಗಳೆರಡನ್ನೂ ತೂಗಿ ನೋಡಬೇಕು. ಗುಣವೇನೆಂದರೆ, ಅಲ್ಲಿ ಕಲಿತ ಕೋಷ್ಟಕವು ಊರಿನ ಸಂತೆಯಲ್ಲಿಯೂ ಕಣದಲ್ಲಿಯೂ ಅದೇ ದಿನ ಸಂಜೆ ಬಳಕೆಯಾಗುವ ಕೋಷ್ಟಕವಾಗಿತ್ತು. ನಾಲ್ಕರ ಸೋಪಾನವು ಅರ್ಧದ ಅರ್ಧವನ್ನು ಮಾಡುತ್ತ ಇಳಿಯುವ ಸೋಪಾನ. ಹಗ್ಗವನ್ನು ಎರಡಾಗಿ ಮಡಿಸಿ ಮತ್ತೆ ಎರಡಾಗಿ ಮಡಿಸಿದರೆ ಕಾಲು ದೊರೆಯುತ್ತದೆ. ಹತ್ತು ಸಮಪಾಲು ಮಾಡುವುದು ಬರಿಗೈಯಿಂದ ಸುಲಭವಾಗಿ ಸಾಧ್ಯವಿಲ್ಲ. ದೋಷವೇನೆಂದರೆ, ಒಪ್ಪಿಸುವುದೇ ಅರಿಯುವುದೆಂಬ ಭ್ರಾಂತಿ. ಆ ಶಾಲೆಗಳಲ್ಲಿ ಓದಿಸುತ್ತಿದ್ದ ಪದ್ಯಗಳು ಆಡುಮಾತಿಗೆ ದೂರವಾದ ಕಾವ್ಯಭಾಷೆಯಲ್ಲಿದ್ದುದರಿಂದ ಅವುಗಳ ಅರ್ಥವು ಶಿಷ್ಯರಿಗೂ ಅನೇಕ ವೇಳೆ ಗುರುಗಳಿಗೂ ತಿಳಿಯುತ್ತಿರಲಿಲ್ಲವೆಂದು ಕ್ಯಾಂಪ್‌ಬೆಲ್ಲನು ಆಕ್ಷೇಪಿಸಿದ್ದಾನೆ. ಕೋಷ್ಟಕದ ವಿಷಯದಲ್ಲಿಯೂ ಇಂತಹ ಅಪಾಯವು ಇಲ್ಲದಿರಲಿಲ್ಲ. ಆದರೆ ಕಣದಲ್ಲಿ ಕೊಳಗವನ್ನೂ ಹೊಲದಲ್ಲಿ ಕೋಲನ್ನೂ ದಿನದಿನವೂ ಕಾಣುತ್ತಿದ್ದುದರಿಂದ ಬಾಯಿಪಾಠಕ್ಕೆ ಅರ್ಥವು ತಾನಾಗಿ ಒದಗುತ್ತಿತ್ತು.

ಕೋಷ್ಟಕವು ಕಣದಿಂದ ಬೇರೆಯಾದುದು ಬ್ರಿಟಿಷ್ ಮಾನಗಳು ಬಂದ ಬಳಿಕ. ಹನ್ನೆರಡು ಅಂಗುಲಕ್ಕೆ ಒಂದು ಅಡಿ, ಮೂರು ಅಡಿಗೆ ಒಂದು ಗಜ, ಐದೂವರೆ ಗಜಕ್ಕೆ ಒಂದು ಪೋಲು, ನಾಲ್ಕು ಪೋಲಿಗೆ ಒಂದು ಸರಪಳಿ, ಹತ್ತು ಸರಪಳಿಗೆ ಒಂದು ಫರ್ಲಾಂಗು, ಎಂಟು ಫರ್ಲಾಂಗಿಗೆ ಒಂದು ಮೈಲಿ. ಹನ್ನೆರಡು, ಮೂರು, ಐದೂವರೆ, ನಾಲ್ಕು, ಹತ್ತು, ಎಂಟು! ಒಂದು ಮೆಟ್ಟಿಲಿನ ಎತ್ತರವು ಮತ್ತೊಂದರಂತಿಲ್ಲ. ಇಂಗ್ಲೆಂಡಿನಲ್ಲಿಯೂ ಇವು ಬೆರಳಿನಿಂದ, ಪಾದದಿಂದ, ನೇಗಿಲ ಸಾಲಿನಿಂದ ಹುಟ್ಟಿದ ಮಾನಗಳೇ. ಫರ್ಲಾಂಗೆಂಬ ಶಬ್ದದ ಮೂಲಾರ್ಥವು ನೇಗಿಲ ಸಾಲಿನ ಉದ್ದವೆಂದು. ಆದರೆ ನಮ್ಮ ಬಾಲಕನಿಗೆ ಆ ಸಾಲು ಯಾವುದು, ಆ ನೇಗಿಲು ಯಾರದು ಎಂಬುದು ತಿಳಿಯುವಂತಿರಲಿಲ್ಲ. ಮೈಸೂರು ಸೀಮೆಯಲ್ಲಿ ಬಿ. ಎಲ್. ರೈಸರು ೧೮೬೮ರಲ್ಲಿ ಹೋಬಳಿ ಶಾಲೆಗಳ ಯೋಜನೆಯನ್ನು ತಂದರು. ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳಲ್ಲಿಯೂ ಸರ್ಕಾರದ ಶಾಲೆಗಳು ಹಬ್ಬಿದವು. ೧೮೮೯ರಲ್ಲಿ ಬ್ರಿಟಿಷ್ ಇಂಡಿಯಾದ ಉದ್ದಳತೆಗೆ ಇಂಗ್ಲಿಷ್ ಗಜವೇ ಪ್ರಮಾಣವೆಂದು ಕಾಯಿದೆಯಾಯಿತು. ಮೈಲಿಯೊಂದಕ್ಕೆ ೧,೭೬೦ ಗಜ, ೫,೨೮೦ ಅಡಿ, ೬೩,೩೬೦ ಅಂಗುಲ ಎಂಬ ಸಂಖ್ಯೆಗಳು ಹಳ್ಳಿಯ ಮಕ್ಕಳ ನಾಲಗೆಯ ಮೇಲೆ ನಿಂತವು. ಇಷ್ಟು ಮೈಲಿ, ಇಷ್ಟು ಫರ್ಲಾಂಗು, ಇಷ್ಟು ಗಜ, ಇಷ್ಟು ಅಡಿಗಳನ್ನು ಅಂಗುಲಕ್ಕೆ ತಾ ಎಂಬಂತಹ ಲೆಕ್ಕಗಳು ಹಲಗೆಯನ್ನು ತುಂಬಿಬಿಟ್ಟವು. ದಾರಿಯ ದೂರವನ್ನು ಅಂಗುಲದಲ್ಲಿ ತಿಳಿಯುವ ಅಗತ್ಯವು ಯಾರಿಗೆ ಯಾವಾಗ ಬೀಳುವುದೆಂದು ಪುಸ್ತಕವು ಹೇಳುತ್ತಿರಲಿಲ್ಲ.

ಆದರೆ ಒಂದು ಕಡೆ ಮಾತ್ರ ಹಳೆಯದೂ ಹೊಸದೂ ಬುದ್ಧಿವಂತಿಕೆಯಿಂದ ಬೆಸೆದುಕೊಂಡವು. ಅದು ಭೂಮಾಪನ. ಎಡ್ಮಂಡ್ ಗಂಟರನೆಂಬ ಇಂಗ್ಲಿಷ್ ಗಣಿತಜ್ಞನು ೧೬೨೦ರಲ್ಲಿ ಅರುವತ್ತಾರು ಅಡಿಯ ಸರಪಳಿಯನ್ನು ನೂರು ಕೊಂಡಿಗಳಾಗಿ ವಿಭಾಗಿಸಿದ್ದನು. ಗೋಲ್ಡ್‌ಸ್ಮಿಡ್, ವಿಂಗೇಟ್ ಎಂಬ ಅಧಿಕಾರಿಗಳು ೧೮೩೦ರ ದಶಕದಲ್ಲಿ ಪುಣೆ ಜಿಲ್ಲೆಯ ಇಂದಾಪುರದಲ್ಲಿ ರೂಪಿಸಿದ ಮುಂಬಯಿ ಸರ್ವೆ ಪದ್ಧತಿಯು ಬಳಿಕ ಧಾರವಾಡ ಮೊದಲಾದ ಕನ್ನಡ ಜಿಲ್ಲೆಗಳಿಗೂ, ೧೮೬೩ರಿಂದ ಮೈಸೂರಿಗೂ ಬಂದಿತು. ಈ ಪದ್ಧತಿಯ ಸರಪಳಿಯು ಗಂಟರನದರ ಅರ್ಧ, ಅಂದರೆ ಮೂವತ್ತುಮೂರು ಅಡಿ. ಅದಕ್ಕೆ ಭಾಗಗಳು ನೂರಲ್ಲ, ಹದಿನಾರು ಆಣೆಗಳು. ಒಂದು ಆಣೆಯೆಂದರೆ ಎರಡು ಅಡಿ ಮುಕ್ಕಾಲು ಅಂಗುಲ. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿಯಾದರೆ ಒಂದು ಗುಂಟೆ, ಎಂದರೆ ೧,೦೮೯ ಚದರಡಿ. ಅಂತಹ ನಲವತ್ತು ಗುಂಟೆಗೆ ಒಂದು ಎಕರೆ, ಎಂದರೆ ೪೩,೫೬೦ ಚದರಡಿ. ಉದ್ದ ಒಂದು ಸರಪಳಿ, ಅಗಲ ಒಂದೇ ಆಣೆಯಾದರೆ ಅದು ಗುಂಟೆಯ ಹದಿನಾರರಲ್ಲೊಂದು, ಹೊಲದ ಲೆಕ್ಕದಲ್ಲಿಯೂ ಒಂದು ಆಣೆಯೇ. ರೂಪಾಯಿಯ ಹದಿನಾರು ಆಣೆಯನ್ನು ಬಲ್ಲ ರೈತನಿಗೆ ಗುಂಟೆಯ ಹದಿನಾರು ಆಣೆಯನ್ನು ಹೊಸದಾಗಿ ಕಲಿಸಬೇಕಾಗಿರಲಿಲ್ಲ. ಕೂಲಿಮಠದ ಕಾಲು ವೀಸಗಳ ಸೋಪಾನವೇ ಸರಪಳಿಯಲ್ಲಿ ಇಳಿದುಬಂದಿತ್ತು. ಮಾನಪರಿವರ್ತನೆಯನ್ನು ಕಲಿಸುವವನು ಕಲಿಯುವವನಿಗೆ ಮೊದಲೇ ತಿಳಿದಿರುವ ಒಂದು ಮೆಟ್ಟಿಲನ್ನು ಹಿಡಿದು ಹೊರಟರೆ ಎಷ್ಟು ಸುಲಭವಾಗುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ಬೇಕಿಲ್ಲ.

ಇದೇ ಕಾಲದಲ್ಲಿ ಯೂರೋಪಿನ ಶಿಕ್ಷಣತಜ್ಞರೂ ಬಾಯಿಪಾಠದ ವಿರುದ್ಧ ದನಿಯೆತ್ತಿದ್ದರು. ಸ್ವಿಟ್ಜರ್ಲೆಂಡಿನ ಪೆಸ್ಟಲಾಟ್ಸಿಯು (೧೭೪೬–೧೮೨೭) ವಸ್ತುವನ್ನು ಕಣ್ಣಿಂದ ಕಂಡು ಕೈಯಿಂದ ಮುಟ್ಟಿದ ಮೇಲೆಯೇ ಸಂಖ್ಯೆಯು ಬರಬೇಕೆಂದು ಸಾಧಿಸಿದನು. ನಮ್ಮ ದೇಶದಲ್ಲಿ ಇದೇ ತತ್ತ್ವವು ತನ್ನದೇ ಆದ ರೂಪದಲ್ಲಿ ೧೯೩೭ರ ವಾರ್ಧಾ ಶಿಕ್ಷಣ ಯೋಜನೆಯಲ್ಲಿ ಕಾಣಿಸಿಕೊಂಡಿತು. ಗಾಂಧೀಜಿಯವರ ಸೂಚನೆಯಂತೆ ಡಾಕ್ಟರ್ ಜಾಕಿರ್ ಹುಸೇನರ ಸಮಿತಿಯು ಸಿದ್ಧಪಡಿಸಿದ ಆ ಪಠ್ಯಕ್ರಮದಲ್ಲಿ ಬಾಲಕರು ನೂಲುವ ನೂಲೇ ಗಣಿತದ ಆಧಾರ. ನಾಲ್ಕು ಅಡಿಯ ಒಂದು ಸುತ್ತು, ಅಂತಹ ೬೪೦ ಸುತ್ತಿಗೆ ಒಂದು ಲಡಿ. ಹಾಗಾದರೆ ಒಂದು ಲಡಿಯ ಉದ್ದವೆಷ್ಟು? ೨,೫೬೦ ಅಡಿ, ಗಜಕ್ಕೆ ಏರಿಸಿದರೆ ೮೫೩ ಗಜ ಒಂದು ಅಡಿ. ಸುತ್ತನ್ನು ಅಡಿಗೆ ಇಳಿಸುವಾಗ ಸಂಖ್ಯೆಯು ಬೆಳೆಯಿತು, ಅಡಿಯನ್ನು ಗಜಕ್ಕೆ ಏರಿಸುವಾಗ ಸಂಖ್ಯೆಯು ಇಳಿಯಿತು. ನೂಲು ಮಾತ್ರ ಒಂದೆಳೆಯಷ್ಟೂ ಹೆಚ್ಚಲಿಲ್ಲ, ಒಂದೆಳೆಯಷ್ಟೂ ಕುಗ್ಗಲಿಲ್ಲ. ತಾನೇ ನೂತ ನೂಲಾದುದರಿಂದ ಬಾಲಕನಿಗೆ ಆ ವಿಷಯದಲ್ಲಿ ಸಂದೇಹ ಬರುವಂತಿರಲಿಲ್ಲ. ಮಾನಪರಿವರ್ತನೆಯ ಮರ್ಮವೆಲ್ಲವೂ ಈ ಒಂದು ಲೆಕ್ಕದಲ್ಲಿ ಅಡಕವಾಗಿದೆ. ಆ ಯೋಜನೆಯು ಮುಂದೆ ದೇಶದಲ್ಲಿ ನೆಲೆಯೂರಲಿಲ್ಲವಾದರೂ ಈ ಪಾಠವು ಮರೆಯತಕ್ಕದ್ದಲ್ಲ.

ಮೀಟರಿನ ಜನನವೂ ರೈತನ ದೂರಿನೊಡನೆಯೇ ಬೆರೆತುಕೊಂಡಿದೆ. ಫ್ರಾನ್ಸಿನಲ್ಲಿ ೧೭೮೯ರ ಕ್ರಾಂತಿಗೆ ಮುಂಚೆ ಒಬ್ಬೊಬ್ಬ ಜಮೀನುದಾರನದೂ ಒಂದೊಂದು ಅಳತೆ. ಅರಸನಿಗೆ ಸಲ್ಲಿಸಿದ ಅಹವಾಲುಗಳಲ್ಲಿ ದೇಶಕ್ಕೆಲ್ಲ ಒಂದೇ ತೂಕ ಒಂದೇ ಅಳತೆ ಬೇಕೆಂಬ ಪ್ರಾರ್ಥನೆಯು ಮತ್ತೆ ಮತ್ತೆ ಬಂದಿತು. ಯಾರ ಕೈಯನ್ನೂ ಯಾರ ಕಾಲನ್ನೂ ಆಶ್ರಯಿಸದ ಮಾನವು ಬೇಕೆಂದು ೧೭೯೧ರಲ್ಲಿ ಅಲ್ಲಿಯ ವಿದ್ವಾಂಸರು ಭೂಮಿಯನ್ನೇ ಆಶ್ರಯಿಸಿದರು. ಉತ್ತರ ಧ್ರುವದಿಂದ ಭೂಮಧ್ಯರೇಖೆಯವರೆಗಿನ ದೂರದ ಒಂದು ಕೋಟಿಯಲ್ಲೊಂದು ಭಾಗವು ಮೀಟರೆಂದು ಗೊತ್ತುಮಾಡಿದರು. ಡಲಾಂಬ್ರ್, ಮೇಶೇನ್ ಎಂಬಿಬ್ಬರು ಡಂಕರ್ಕಿನಿಂದ ಬಾರ್ಸಿಲೋನದವರೆಗೆ ಏಳು ವರ್ಷ ಅಳೆದು ೧೭೯೯ರಲ್ಲಿ ಪ್ರಮಾಣವು ಸಿದ್ಧವಾಯಿತು. ಆದರೂ ಜನರು ಅದನ್ನು ಒಡನೆಯೇ ಒಪ್ಪಲಿಲ್ಲ. ೧೮೧೨ರಲ್ಲಿ ನೆಪೋಲಿಯನನು ಹಳೆಯ ಹೆಸರುಗಳಿಗೆ ಮತ್ತೆ ಅವಕಾಶ ಕೊಡಬೇಕಾಯಿತು. ೧೮೪೦ರಿಂದಲೇ ಮೀಟರು ಅಲ್ಲಿ ಕಡ್ಡಾಯವಾದುದು. ಯಾವ ನಾಡಿನ ಜನಕ್ಕಾದರೂ ಮಾನವನ್ನು ಬದಲಿಸುವುದು ಭಾಷೆಯನ್ನು ಬದಲಿಸಿದಷ್ಟೇ ಕಷ್ಟವೆಂದು ಇದರಿಂದ ತಿಳಿಯುತ್ತದೆ.

ಸ್ವತಂತ್ರ ಭಾರತವು ೧೯೫೬ರಲ್ಲಿ ತೂಕ ಅಳತೆಗಳ ಕಾಯಿದೆಯನ್ನು ಮಾಡಿ ಮೀಟರ್ ಪದ್ಧತಿಯನ್ನು ಅಂಗೀಕರಿಸಿತು. ೧೯೫೭ರ ಏಪ್ರಿಲ್ ೧ರಂದು ರೂಪಾಯಿಯ ಹದಿನಾರು ಆಣೆ ಅರುವತ್ತನಾಲ್ಕು ಕಾಸುಗಳು ಹೋಗಿ ನೂರು ನಯೇ ಪೈಸೆಗಳು ಬಂದವು. ಬಳ್ಳಾರಿಯ ಶಾಲೆಗಳಲ್ಲಿ ಕ್ಯಾಂಪ್‌ಬೆಲ್ಲನು ಕಂಡ ನಾಲ್ಕರ ಸೋಪಾನಕ್ಕೆ ಅಂದೇ ರಾಜಮುದ್ರೆಯು ತಪ್ಪಿತೆನ್ನಬೇಕು. ನಾಲಗೆಯಿಂದ ಮಾತ್ರ ಅದು ತಪ್ಪಲಿಲ್ಲ. ಐವತ್ತು ಪೈಸೆಗೆ ಎಂಟಾಣೆಯೆಂಬ ಹೆಸರು ಎಷ್ಟೋ ಕಾಲ ಉಳಿಯಿತು. ೧೯೫೯ರಲ್ಲಿ ಇಂಗ್ಲಿಷ್ ಗಜವನ್ನೇ 0.೯೧೪೪ ಮೀಟರೆಂದು ರಾಷ್ಟ್ರಗಳು ನಿರ್ಣಯಿಸಿದುದರಿಂದ ಅಂಗುಲವು ಸರಿಯಾಗಿ ೨೫.೪ ಮಿಲಿಮೀಟರಾಯಿತು. ೧೯೮೩ರಿಂದ ಮೀಟರಿಗೆ ಭೂಮಿಯ ಆಶ್ರಯವೂ ಲೋಹದ ದಂಡದ ಆಶ್ರಯವೂ ಇಲ್ಲ. ಶೂನ್ಯದಲ್ಲಿ ಬೆಳಕು ಒಂದು ಸೆಕೆಂಡಿನ ೨೯,೯೭,೯೨,೪೫೮ರಲ್ಲೊಂದು ಭಾಗದಲ್ಲಿ ಸಾಗುವ ದೂರವೇ ಮೀಟರು. ಯವೆಯ ಕಾಳಿನಿಂದ ಹೊರಟ ಮಾನವು ಬೆಳಕಿನವರೆಗೆ ಬಂದು ಮುಟ್ಟಿತು.

ಹತ್ತರ ಸೋಪಾನವು ಬಾಲಕರ ಹೊರೆಯನ್ನು ಬಹಳ ಮಟ್ಟಿಗೆ ಇಳಿಸಿತೆಂಬುದರಲ್ಲಿ ಸಂಶಯವಿಲ್ಲ. ಐದೂವರೆಯ ಗುಣಾಕಾರವು ಹೋಯಿತು. ದಶಾಂಶದ ಚುಕ್ಕೆಯನ್ನು ಸರಿಸಿದರೆ ಲೆಕ್ಕವಾಯಿತು. ಆದರೆ ಇಲ್ಲಿ ಹೊಸದೊಂದು ಬಾಯಿಪಾಠವು ಹುಟ್ಟಿಕೊಂಡಿದೆ. ಚುಕ್ಕೆಯನ್ನು ಬಲಕ್ಕೆ ಸರಿಸಬೇಕೋ ಎಡಕ್ಕೋ ಎಂಬುದನ್ನು ವಿಚಾರಿಸದೆ ನೆನಪಿಟ್ಟುಕೊಂಡ ಬಾಲಕನು ಮೂರೂವರೆ ಕಿಲೋಮೀಟರನ್ನು ಮೀಟರಿಗೆ ತರುವಾಗ ೩,೫೦೦ ಎನ್ನುವುದಕ್ಕೆ ಬದಲಾಗಿ 0.೦೦೩೫ ಎಂದು ಬರೆದು ನಿಶ್ಚಿಂತನಾಗಿರಬಲ್ಲನು. ಮುಕ್ಕಾಲು ಗಂಟೆ ನಡೆಯಬೇಕಾದ ದಾರಿಯು ಇರುವೆಯ ಮೈಯುದ್ದಕ್ಕೆ ಕುಗ್ಗಿದುದು ಅವನಿಗೆ ಕಾಣುವುದಿಲ್ಲ, ಏಕೆಂದರೆ ಅವನ ಮನಸ್ಸಿನಲ್ಲಿ ದಾರಿಯೇ ಇರಲಿಲ್ಲ, ಚುಕ್ಕೆಯೊಂದೇ ಇತ್ತು.

ಇದಲ್ಲದೆ ಹಳೆಯ ಸೋಪಾನಗಳು ನಮ್ಮನ್ನು ಬಿಟ್ಟುಹೋಗಿಯೂ ಇಲ್ಲ. ರಸ್ತೆಯ ಕಲ್ಲು ಕಿಲೋಮೀಟರನ್ನು ಹೇಳುತ್ತದೆ, ಜವಳಿಯಂಗಡಿಯು ಮೀಟರನ್ನು ಹೇಳುತ್ತದೆ. ಮನೆಯ ನಿವೇಶನವು ಮಾತ್ರ ಮೂವತ್ತು ನಲವತ್ತು ಅಡಿಯದು, ಮನುಷ್ಯನ ಎತ್ತರವು ಅಡಿ ಅಂಗುಲಗಳದು, ಹೊಲವು ಎಕರೆ ಗುಂಟೆಗಳದು. ಐದು ಅಡಿ ಆರು ಅಂಗುಲವನ್ನು ೫.೬ ಅಡಿಯೆಂದು ಬರೆಯುವವರು ವಿದ್ಯಾವಂತರಲ್ಲಿಯೂ ಉಂಟು. ಐದೂವರೆ ಅಡಿಯಾದುದರಿಂದ ಅದು ೫.೫ ಆಗಬೇಕು. ಎತ್ತರದ ವಿಷಯದಲ್ಲಿ ಈ ತಪ್ಪಿನಿಂದ ಹೋಗುವುದೇನೂ ಇಲ್ಲ. ಪಹಣಿಯಲ್ಲಿ ಎಕರೆಗೂ ಗುಂಟೆಗೂ ನಡುವೆ ಚುಕ್ಕೆಯಿಟ್ಟು ೨.೨೦ ಎಂದು ಬರೆಯುವ ರೂಢಿಯಿದೆಯಷ್ಟೆ. ಅದರ ಅರ್ಥವು ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ಶಾಲೆಯಲ್ಲಿ ದಶಾಂಶವನ್ನಷ್ಟೇ ಕಲಿತ ಮಗನು ತಂದೆಯ ಪಹಣಿಯನ್ನು ಓದಿ ಎರಡು ಎಕರೆಯ ಮೇಲೆ ಎಕರೆಯ ಐದರಲ್ಲೊಂದು ಭಾಗವೆಂದು ಎಣಿಸಿದನಾದರೆ, ಅದು ಎಂಟೇ ಗುಂಟೆಯಾಗಿ, ಹನ್ನೆರಡು ಗುಂಟೆ ಭೂಮಿಯು ಕಾಗದದ ಮೇಲೆಯೇ ಮಾಯವಾಗುತ್ತದೆ. ಪಾಲುಪಟ್ಟಿಯ ದಿನ, ಕ್ರಯದ ದಿನ, ಈ ಹನ್ನೆರಡು ಗುಂಟೆಯು ಒಂದು ಸಂಸಾರದ ಅನ್ನವಾಗಬಹುದು. 'ಯಾವ ಅಂಗುಲ' ಎಂದು ಕೇಳಲು ಕಲಿಸಿದ ಮಹಾವೀರಾಚಾರ್ಯನ ಪಾಠವು ಇಂದು 'ಯಾವ ಚುಕ್ಕೆ' ಎಂದು ಕೇಳುವ ರೂಪದಲ್ಲಿ ನಮ್ಮ ಮಕ್ಕಳಿಗೆ ಬೇಕಾಗಿದೆ.

ಹಾಗಾದರೆ ಬಾಲಪಾಠವು ಹೇಗಿರಬೇಕು? ಇತಿಹಾಸವೇ ದಾರಿಯನ್ನು ತೋರಿಸುತ್ತದೆ. ಮನುಷ್ಯನು ಕೈಯಿಂದ ಹೊರಟಂತೆ ಮಗುವೂ ಕೈಯಿಂದಲೇ ಹೊರಡಲಿ. ಎರಡು ಮಾರು ಉದ್ದದ ಹಗ್ಗವನ್ನು ಕೊಟ್ಟು ಮಾರಿನಿಂದ ಅಳೆಯಿಸಿದರೆ ಎರಡು ಬರುತ್ತದೆ, ಮೊಳದಿಂದ ಎಂಟು, ಗೇಣಿನಿಂದ ಹದಿನಾರು. ಮಾನವು ಚಿಕ್ಕದಾದಂತೆ ಎಣಿಕೆಯು ದೊಡ್ಡದಾಗುವುದನ್ನೂ ಹಗ್ಗವು ಹಾಗೆಯೇ ಇರುವುದನ್ನೂ ಅದು ತಾನೇ ಕಂಡುಕೊಳ್ಳುತ್ತದೆ. ಗುಣಿಸಬೇಕೋ ಭಾಗಿಸಬೇಕೋ ಎಂಬ ತೊಡಕು ಅಲ್ಲಿಗೆ ಅರ್ಧ ಬಿಡುತ್ತದೆ. ಬಳಿಕ ಪಕ್ಕದವನ ಮೊಳದಿಂದ ಅದೇ ಹಗ್ಗವನ್ನು ಅಳೆಯಿಸಬೇಕು. ಲೆಕ್ಕವು ಸರಿಬಾರದೆ ಇಬ್ಬರೂ ಜಗಳಕ್ಕೆ ನಿಂತಾಗಲೇ ಎಲ್ಲರಿಗೂ ಸಾಮಾನ್ಯವಾದ ಮಾನವು ಏಕೆ ಬೇಕೆಂಬುದು ತಿಳಿಯುತ್ತದೆ. ಮೀಟರಿನ ಪಟ್ಟಿಯನ್ನು ಹೊರತೆಗೆಯಲು ಅದೇ ಸರಿಯಾದ ಮುಹೂರ್ತ. ಲೆಕ್ಕವನ್ನು ಬರೆಯುವ ಮೊದಲು ಉತ್ತರವು ದೊಡ್ಡ ಸಂಖ್ಯೆಯಾಗಬೇಕೋ ಚಿಕ್ಕದೋ ಎಂದು ಬಾಯಲ್ಲಿ ಹೇಳಿಸಬೇಕು. ಕೋಷ್ಟಕವನ್ನು ಒಕ್ಕೊರಲಿನಿಂದ ಒಪ್ಪಿಸುವುದೂ ಇರಲಿ. ಕಂಡದ್ದನ್ನು ಬಾಯಿಪಾಠ ಮಾಡುವುದರಲ್ಲಿ ದೋಷವಿಲ್ಲ. ಮೇಲಿನ ತರಗತಿಗೆ ಬಂದ ಮೇಲೆ ಅಡಿ ಅಂಗುಲಗಳನ್ನೂ, ಎಕರೆ ಗುಂಟೆಗಳನ್ನೂ ಹಳತೆಂದು ತಳ್ಳದೆ, ಮನೆಯ ಕ್ರಯಪತ್ರ ಪಹಣಿಗಳನ್ನೇ ಪಾಠವಾಗಿ ಓದಿಸಬೇಕು.

ಇದರಲ್ಲಿ ಮನೆಯವರ ಪಾಲೂ ಇದೆ. ಉಪಾಧ್ಯಾಯರಿಗೆ ನಲವತ್ತು ಮಕ್ಕಳು. ಮನೆಯಲ್ಲಿ ಒಂದೋ ಎರಡೋ. ದರ್ಜಿಯ ಪಟ್ಟಿಯ ಒಂದು ಮೈಯಲ್ಲಿ ಅಂಗುಲವಿದ್ದರೆ ಇನ್ನೊಂದರಲ್ಲಿ ಸೆಂಟಿಮೀಟರಿರುತ್ತದೆ. ಬಾಗಿಲನ್ನು ಅಳೆಯುವ ಬಡಗಿಯು ಅಡಿಯನ್ನು ಹೇಳುತ್ತಾನೆ. ಹೂವಿನವಳು ಮೊಳವನ್ನು ತೋರಿಸುತ್ತಾಳೆ. ಇಷ್ಟು ಪಾಠಶಾಲೆಗಳು ಹೊಸ್ತಿಲಿನಲ್ಲಿಯೇ ಇರುವಾಗ ಮಗುವಿನ ಕೈಗೆ ಪಟ್ಟಿಯನ್ನು ಕೊಟ್ಟು, ಬಂದ ಸಂಖ್ಯೆಯನ್ನು ಇನ್ನೊಂದು ಮಾನಕ್ಕೆ ಸಾಗಿಸೆಂದು ಹೇಳುವುದಕ್ಕೆ ದೊಡ್ಡ ಪಾಂಡಿತ್ಯವೇನೂ ಬೇಡ. ನಮ್ಮ ಹಿರಿಯರು ಗಳೆಯ ಹೆಸರನ್ನು ಶಾಸನದಲ್ಲಿ ಕೊರೆಯಿಸಿ ಮುಂದಿನವರ ಭೂಮಿಯನ್ನು ಕಾದರು. ನಾವು ನಮ್ಮ ಮಕ್ಕಳ ಬುದ್ಧಿಯಲ್ಲಿ ಅದನ್ನು ಬರೆದಿಟ್ಟರೆ, ಯಾವ ಕೋಲು ಬಂದರೂ ಯಾವ ಕಾಯಿದೆ ಬಂದರೂ ಅವರು ತಮ್ಮದನ್ನು ತಾವು ಅಳೆದುಕೊಳ್ಳಬಲ್ಲರು.